ಬಳಸದ ಸ್ಟ್ಯಾಂಪಿಗೆ ಹಿಂಜ್ ಬ್ಯಾಡ್ರಿ

1949ರ ಆರಾಣೆಯ ಗೋಳಗುಮ್ಮಟದ ಸ್ಟ್ಯಾಂಪು ಬಳಸದೇ ಇದ್ದದ್ದು ಸಿಕ್ಕರ ಹಿಂಜ್ (ಸ್ಟ್ಯಾಂಪಿನ ಬೆನ್ನಿಗೆ ಹಚ್ಚಿ ಆಲ್ಬಂಗೆ ಅಂಟಿಸೋ ಸಣ್ಣ ಗೋಂದಿನ ಕಾಗದ) ಹಚ್ಚಬ್ಯಾಡ್ರಿ. ಹಿಂದಿನ ಗೋಂದಿನ ಮ್ಯಾಲೆ ಗುರುತು ಉಳೀತಂದ್ರ ಬೆಲೆ ಇಳೀತದ. ಪಿವಿಸಿ ಇಲ್ಲದ ಮೌಂಟ್ ತಗೊಳ್ರಿ, ಅಂದ್ರ ಸ್ಟ್ಯಾಂಪ್ ಒಳಗಿಟ್ಟು ಆಲ್ಬಂ ಪುಟಕ್ಕ ಅಂಟಿಸೋ ಪಾರದರ್ಶಕ ಪ್ಲಾಸ್ಟಿಕ್ ಹೊದಿಕಿ. ಸ್ಟ್ಯಾಂಪ್ ಒಳಗ ಹಾಕೋ ಮೊದಲ, ಎರಡೂ ಬದಿಗೆ 1–2 ಮಿ.ಮೀ. ಹೆಚ್ಚಿಗೆ ಬಿಟ್ಟು ಮೌಂಟ್ ಕತ್ತರಿಸ್ರಿ. ಬಿಗಿ ಆದ್ರ ಅಂಚಿನ ಹಲ್ಲು ಮಡಚ್ತಾವ.

ಬಹಳ ಮಂದಿ ಕೆಡಿಸೋದು ನೀರು ಹಚ್ಚೋದ್ರಾಗ. ಖಾಲಿ ಮೌಂಟಿನ ಬೆನ್ನಿಗೆ, ಮ್ಯಾಲಿನ ಅಂಚಿಗಷ್ಟ, ಸಣ್ಣ ಬ್ರಷ್‌ನಿಂದ ಒಂದು ಗೆರೆ ಎಳದ್ರ ಸಾಕು. ಅಂಟಿಸಿ, ಪೂರಾ ಒಣಗಿದ ಮ್ಯಾಲೆ ಚಿಮಟದಿಂದ ಸ್ಟ್ಯಾಂಪ್ ಒಳಗ ಸರಿಸ್ರಿ. ಹಸಿ ಇದ್ದಾಗ ಹಾಕಿದ್ರ ಗೋಂದು ಕರಗಿ ಅಲ್ಲೇ ಹಿಡಕೋತದ, ಆಮ್ಯಾಲೆ ಬಿಡಸಾಕ ಹೋಗಬಾರದು.

ಬೆಳಗಾವಿ ಮಳಿಗಾಲದಾಗ ಆಲ್ಬಂ ಒಂದರ ಮ್ಯಾಲೊಂದು ಪೇರಿಸದ ನಿಲ್ಲಿಸಿಡ್ರಿ, ಗ್ವಾಡಿಗೆ ತಾಗದಂಗ. ಸಿಲಿಕಾ ಜೆಲ್ ಪೊಟ್ಟಣ ಕಪಾಟಿನಾಗ ಇರಲಿ, ಪುಟದ ನಡುವ ಅಲ್ಲ.