ಕ್ಲಮೈಡಿಯಾ ತಪಾಸಣೆ, ಚಿಕಿತ್ಸೆ, ಆಪ್ತಸಮಾಲೋಚನೆ: ಕ್ಲಿನಿಕ್ ಸಿಬ್ಬಂದಿಗೆ ತರಬೇತಿ ಕೊಡುವ ಬಗೆ

ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಸೋಂಕಿನ ಬಗ್ಗೆ ಸಿಬ್ಬಂದಿಗೆ ತರಬೇತಿ ಕೊಡಲು ಹೊರಟವರು ಸಾಮಾನ್ಯವಾಗಿ ಔಷಧದ ಪ್ರಮಾಣದಿಂದಲೇ ಪಾಠ ಶುರು ಮಾಡುತ್ತಾರೆ. ಇಡೀ ವಿಷಯದಲ್ಲಿ ಅತ್ಯಂತ ಸುಲಭವಾದ ಭಾಗವೇ ಅದು; ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೂ ನಡೆಯುತ್ತದೆ. ಕಷ್ಟವಿರುವುದು ಬೇರೆ ಕಡೆ. ಸೋಂಕು ತಗುಲಿದ ಬಹುಪಾಲು ಮಹಿಳೆಯರಿಗೂ ಅನೇಕ ಪುರುಷರಿಗೂ ಯಾವ ಲಕ್ಷಣವೂ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ, ಪರೀಕ್ಷೆ ಮಾಡಿ ಎಂದು ತಾವಾಗಿ ಬಂದು ಕೇಳುವವರು ವಿರಳ. ಬೇರಾವುದೋ ಕಾರಣಕ್ಕೆ ಕ್ಲಿನಿಕ್‌ಗೆ ಬಂದವರೊಂದಿಗೆ, ಅವರಿಗೆ ಮುಜುಗರವಾಗದ ಹಾಗೆ, ನಾವೇ ಈ ಮಾತು ತೆಗೆಯಬೇಕಾಗುತ್ತದೆ. ಹಾಗಾಗಿ ತರಬೇತಿಯ ಹೆಚ್ಚಿನ ಸಮಯ ಮಾತಿನ ಅಭ್ಯಾಸಕ್ಕೇ ಮೀಸಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತರಬೇತಿಗೆ ವೈದ್ಯರು ಮತ್ತು ದಾದಿಯರನ್ನಷ್ಟೇ ಕರೆದರೆ ಸಾಲದು. ಹೆಸರು ಬರೆದುಕೊಳ್ಳುವವರು, ಪ್ರಯೋಗಾಲಯದ ತಂತ್ರಜ್ಞರು, ಔಷಧ ವಿತರಿಸುವವರು, ಆಪ್ತಸಮಾಲೋಚಕರು ಎಲ್ಲರೂ ಒಂದೇ ಕೋಣೆಯಲ್ಲಿ ಕೂರಬೇಕು. ಒಳಗಿನ ಕೋಣೆಯಲ್ಲಿ ಎಷ್ಟೇ ಜಾಗ್ರತೆಯಿಂದ ಕಾಪಾಡಿದ ಗೋಪ್ಯತೆಯೂ, ಹೊರಗೆ ಕಾಯುವವರ ನಡುವೆ ಯಾರಾದರೂ ಪರೀಕ್ಷೆಯ ಹೆಸರನ್ನು ಗಟ್ಟಿಯಾಗಿ ಕೂಗಿದ ಕ್ಷಣದಲ್ಲಿ ಮಣ್ಣುಪಾಲಾಗುತ್ತದೆ. ತರಬೇತಿಗೆ ಮೊದಲು ಒಂದು ಬೆಳಗ್ಗೆ ಕಾಯುವ ಜಾಗದಲ್ಲಿ ಸುಮ್ಮನೆ ಕುಳಿತು, ಯಾರ ಮಾತು ಎಲ್ಲಿಯವರೆಗೆ ಕೇಳಿಸುತ್ತದೆ, ರೋಗಿಯ ಕಡತ ಯಾರ ಯಾರ ಕೈ ದಾಟುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಮೊದಲ ಪಾಠಕ್ಕೆ ಆ ಟಿಪ್ಪಣಿಯೇ ಸಾಕು.

ರೋಗದ ಹಿನ್ನೆಲೆಗೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಕ್ಲಮೈಡಿಯಾ ಟ್ರಾಕೊಮಾಟಿಸ್ ಎಂಬುದು ಜೀವಕೋಶದ ಒಳಗೆ ಸೇರಿಕೊಂಡೇ ಬದುಕುವ ಬ್ಯಾಕ್ಟೀರಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ 15ರಿಂದ 49 ವರ್ಷದೊಳಗಿನವರಲ್ಲಿ ಸುಮಾರು 12.9 ಕೋಟಿ ಹೊಸ ಸೋಂಕುಗಳು ಉಂಟಾದವು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಮಹಿಳೆಯರಲ್ಲಿ ಸೋಂಕು ಗರ್ಭಕಂಠದಿಂದ ಮೇಲಕ್ಕೇರಿ ಡಿಂಬನಾಳಗಳಲ್ಲಿ ಉರಿಯೂತ ಉಂಟುಮಾಡಬಹುದು. ಅಲ್ಲಿ ಉಳಿಯುವ ಗಾಯದ ಕಲೆಯೇ ಮುಂದೆ ಬಂಜೆತನಕ್ಕೂ ಗರ್ಭಕೋಶದ ಹೊರಗೆ ನಿಲ್ಲುವ ಗರ್ಭಕ್ಕೂ ಕಾರಣವಾಗಬಹುದು. ಹೆರಿಗೆಯ ವೇಳೆ ಮಗುವಿಗೆ ದಾಟಿದರೆ, ಸಾಮಾನ್ಯವಾಗಿ ಹುಟ್ಟಿದ 5ರಿಂದ 12 ದಿನಗಳಲ್ಲಿ ಕಣ್ಣಿನ ಸೋಂಕು, 1ರಿಂದ 3 ತಿಂಗಳ ವಯಸ್ಸಿನಲ್ಲಿ ನ್ಯುಮೋನಿಯಾ ಕಾಣಿಸಿಕೊಳ್ಳಬಹುದು. ಟ್ರಕೋಮಾ ಎಂಬ ಕಣ್ಣಿನ ಕಾಯಿಲೆಯೂ ಇದೇ ಬ್ಯಾಕ್ಟೀರಿಯಾದ ಬೇರೆ ತಳಿಗಳಿಂದ ಬರುವುದರಿಂದ ಸಿಬ್ಬಂದಿಯಲ್ಲಿ ಯಾರಾದರೊಬ್ಬರು ಅದರ ಬಗ್ಗೆ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿಟ್ಟುಕೊಳ್ಳಿ.

ಯಾರನ್ನು ತಪಾಸಣೆ ಮಾಡಬೇಕು ಎಂಬುದಕ್ಕೆ ನಿಮ್ಮ ದೇಶದ ಮಾರ್ಗಸೂಚಿಯೇ ಆಧಾರ. ಉದಾಹರಣೆಗೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರಲ್ಲಿ ಹೊರತಂದ ಮಾರ್ಗಸೂಚಿಯು, ಲೈಂಗಿಕವಾಗಿ ಸಕ್ರಿಯರಾಗಿರುವ 25 ವರ್ಷದೊಳಗಿನ ಮಹಿಳೆಯರಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹೆಚ್ಚಿನ ವಯಸ್ಸಿನವರಲ್ಲಿ ಹೊಸ ಸಂಗಾತಿ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳು ಅಥವಾ ಸೋಂಕುಳ್ಳ ಸಂಗಾತಿ ಇರುವವರಿಗೆ, ಮತ್ತು ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವ ಪುರುಷರಿಗೆ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಬೇಕೆನ್ನುತ್ತದೆ. ಗರ್ಭಿಣಿಯರಿಗೆ ಪ್ರತ್ಯೇಕ ಸೂಚನೆಗಳಿವೆ. ನೀವು ಅನುಸರಿಸುವ ನಿಯಮ ಯಾವುದೇ ಇರಲಿ, ಅದನ್ನು ಒಂದೇ ವಾಕ್ಯಕ್ಕೆ ಇಳಿಸಿ ಹೆಸರು ನೋಂದಾಯಿಸುವ ಮೇಜಿನ ಬಳಿಯೇ ಇಡಿ. ನೋಡಿದ ತಕ್ಷಣ 'ಇವರಿಗೆ ಅಪಾಯವಿದೆ, ಅವರಿಗಿಲ್ಲ' ಎಂದು ಮುಖಲಕ್ಷಣದಿಂದ ಅಳೆಯುವ ಅಭ್ಯಾಸ ಒಮ್ಮೆ ಬೆಳೆಯಿತೆಂದರೆ ತಪಾಸಣೆಗೆ ಅರ್ಥವೇ ಉಳಿಯುವುದಿಲ್ಲ.

ಮಾತು ತೆಗೆಯುವುದು ಹೇಗೆ

ಸಿಬ್ಬಂದಿಯನ್ನು ಇಬ್ಬಿಬ್ಬರಂತೆ ಕೂರಿಸಿ, ಒಬ್ಬರು ರೋಗಿಯಾಗಿ ಇನ್ನೊಬ್ಬರು ದಾದಿಯಾಗಿ ಈ ಸಂಭಾಷಣೆಯನ್ನು ಬಾಯಿಬಿಟ್ಟು ಆಡಿಸಿ. ಆರಂಭದ ಮಾತು ಹೀಗಿರಬಹುದು: “ನಿಮ್ಮ ವಯಸ್ಸಿನ ಎಲ್ಲರಿಗೂ ನಾವು ಒಂದು ಸಣ್ಣ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತೇವೆ. ಕ್ಲಮೈಡಿಯಾ ಎಂಬ ಸೋಂಕು ಇದ್ದರೂ ಗೊತ್ತಾಗುವುದಿಲ್ಲ, ಆದರೆ ಗುಣಪಡಿಸುವುದು ಸುಲಭ. ಬೇಡವೆನಿಸಿದರೆ ಹೇಳಿ, ನಿಮ್ಮ ಉಳಿದ ಚಿಕಿತ್ಸೆಗೆ ಅದರಿಂದ ಏನೂ ತೊಂದರೆಯಿಲ್ಲ.” 'ಎಲ್ಲರಿಗೂ' ಎಂಬ ಪದವನ್ನು ನುಂಗಿಬಿಟ್ಟರೆ ಅದೇ ವಾಕ್ಯ ಆರೋಪದಂತೆ ಕೇಳಿಸುತ್ತದೆ, ಅಭ್ಯಾಸದ ವೇಳೆ ಇದನ್ನು ಎರಡೂ ರೀತಿಯಲ್ಲಿ ಹೇಳಿಸಿ, ರೋಗಿಯ ಪಾತ್ರದಲ್ಲಿದ್ದವರಿಗೆ ಏನನ್ನಿಸಿತೆಂದು ಕೇಳಿ.

ನಂತರ ಸಂಗಾತಿಗಳು, ಸಂಪರ್ಕದ ಬಗೆ, ಕಾಂಡೋಮ್ ಬಳಕೆ, ಹಿಂದಿನ ಸೋಂಕುಗಳು, ಗರ್ಭಧಾರಣೆಯ ಸಾಧ್ಯತೆ ಇವಿಷ್ಟನ್ನು ಕೇಳಬೇಕು. “ಮದುವೆಯಾಗಿದೆಯೇ?” ಎಂಬ ಪ್ರಶ್ನೆ ಇವುಗಳಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ. “ಹೊರಗಿನ ಸಂಬಂಧ ಏನಾದರೂ ಇದೆಯೇ?” ಎಂಬುದು ಇನ್ನೂ ಕೆಟ್ಟದ್ದು, ಏಕೆಂದರೆ ಅದರಲ್ಲಿ ತೀರ್ಪು ಮೊದಲೇ ಅಡಗಿದೆ. “ಕಳೆದ ಮೂರು ತಿಂಗಳಲ್ಲಿ ನಿಮಗೆ ಎಷ್ಟು ಮಂದಿ ಸಂಗಾತಿಗಳಿದ್ದರು? ಗಂಡಸರೇ, ಹೆಂಗಸರೇ, ಇಬ್ಬರೂ ಇದ್ದರೇ?” ಎಂದು ರಕ್ತದೊತ್ತಡದ ಬಗ್ಗೆ ಕೇಳುವ ದನಿಯಲ್ಲೇ ಕೇಳಲು ಬರಬೇಕು. ಮೊದಲ ಸಲ ಎಲ್ಲರೂ ನಗುತ್ತಾರೆ, ತಡವರಿಸುತ್ತಾರೆ. ಆರನೆಯ ಸಲಕ್ಕೆ ನಗು ನಿಲ್ಲುತ್ತದೆ. ಆ ಆರು ಸಲಗಳು ರೋಗಿಯ ಮುಂದೆ ನಡೆಯಬಾರದು ಎಂಬುದಕ್ಕಾಗಿಯೇ ಈ ತರಬೇತಿ.

ಮಾದರಿ ಸಂಗ್ರಹ

ನಾನು ಮೊದಲ ಬಾರಿಗೆ ತರಬೇತಿ ಕೊಟ್ಟಾಗ ಈ ಭಾಗವನ್ನು ನಾಲ್ಕೇ ಮಾತಿನಲ್ಲಿ ಮುಗಿಸಿ, ಆಮೇಲೆ ಪಶ್ಚಾತ್ತಾಪಪಟ್ಟೆ. ಮೂತ್ರದ ಸೋಂಕಿನ ಪರೀಕ್ಷೆಗೆ 'ಮೊದಲು ಸ್ವಲ್ಪ ಬಿಟ್ಟು ನಡುವಿನದ್ದನ್ನು ಹಿಡಿಯಿರಿ' ಎಂದು ವರ್ಷಗಟ್ಟಲೆ ಹೇಳಿ ರೂಢಿಯಾದವರು ಇಲ್ಲೂ ಅದನ್ನೇ ಹೇಳುತ್ತಿದ್ದರು. ಕ್ಲಮೈಡಿಯಾಕ್ಕೆ ಬೇಕಿರುವುದು ಅದಕ್ಕೆ ಪೂರ್ತಿ ತದ್ವಿರುದ್ಧವಾದದ್ದು. ಮೂತ್ರನಾಳದ ಒಳಗೋಡೆಯ ಕೋಶಗಳನ್ನು ತೊಳೆದುಕೊಂಡು ಬರುವ ಮೊದಲ ಧಾರೆಯ 20ರಿಂದ 30 ಮಿಲಿಲೀಟರ್ ಮಾತ್ರ ಡಬ್ಬಿಗೆ ಬೀಳಬೇಕು. ಅದಕ್ಕೂ ಮೊದಲು ಕನಿಷ್ಠ ಒಂದು ಗಂಟೆ ಮೂತ್ರ ವಿಸರ್ಜಿಸಿರಬಾರದು, ಆ ಭಾಗವನ್ನು ಆಗತಾನೇ ತೊಳೆದಿರಲೂಬಾರದು. ಡಬ್ಬಿಯ ಹೊರಮೈಗೆ ಪೆನ್ನಿನಿಂದ ಒಂದು ಗೆರೆ ಎಳೆದು, “ಇಲ್ಲಿಯವರೆಗೆ ಮಾತ್ರ, ಶುರುವಿನದ್ದೇ ಬೇಕು” ಎಂದು ತೋರಿಸಿ ಕೊಡುವುದು ಹತ್ತು ನಿಮಿಷದ ವಿವರಣೆಗಿಂತ ಮೇಲು.

ಪುರುಷರಿಗೆ ಮೂತ್ರದ ಮಾದರಿ ಒಳ್ಳೆಯದಾದರೂ, ಮಹಿಳೆಯರಲ್ಲಿ ಯೋನಿಯ ಸ್ವಾಬ್ (ಮೃದು ತುದಿಯ ಕಡ್ಡಿಯಿಂದ ಒರೆಸಿ ತೆಗೆದ ಮಾದರಿ) ಹೆಚ್ಚು ಸೋಂಕುಗಳನ್ನು ಪತ್ತೆಹಚ್ಚುತ್ತದೆ, ಮತ್ತು ರೋಗಿ ತಾನೇ ತೆಗೆದುಕೊಂಡ ಸ್ವಾಬ್ ವೈದ್ಯರು ತೆಗೆದದ್ದಕ್ಕಿಂತ ಕಡಿಮೆಯೇನಲ್ಲ. ಕಡ್ಡಿಯನ್ನು ಸುಮಾರು 5 ಸೆಂಟಿಮೀಟರ್ ಒಳಗೆ ತೂರಿಸಿ, 10ರಿಂದ 30 ಸೆಕೆಂಡು ಗೋಡೆಗೆ ತಾಗುವಂತೆ ತಿರುಗಿಸಿ, ಬೇರೆಲ್ಲೂ ಮುಟ್ಟಿಸದೆ ಕೊಳವೆಗೆ ಇಳಿಸಿ, ಗುರುತಿರುವಲ್ಲಿ ಮುರಿದು, ಮುಚ್ಚಳ ಬಿಗಿಯಬೇಕು. ಕಿಟ್‌ನಿಂದ ಕಿಟ್‌ಗೆ ವಿವರಗಳು ಬದಲಾಗುವುದರಿಂದ ತಯಾರಕರ ಸೂಚನಾಪತ್ರವೇ ಅಂತಿಮ. ಕೊಳವೆಯಲ್ಲಿರುವ ದ್ರವವನ್ನು ಕೊಳೆಯೆಂದು ಭಾವಿಸಿ ಚೆಲ್ಲಿಬಿಡುವವರೂ, ಕಡ್ಡಿಯನ್ನು ಮೊದಲೇ ಅದರಲ್ಲಿ ಅದ್ದುವವರೂ ಇರುತ್ತಾರೆ. ಹಾಗಾಗಿ ಒಂದು ಕಿಟ್ಟನ್ನು ಪ್ರದರ್ಶನಕ್ಕೆಂದೇ ಎತ್ತಿಟ್ಟು ಪ್ರತಿಯೊಬ್ಬರ ಕೈಯಲ್ಲೂ ಬಿಚ್ಚಿಸಿ, ವಿವರಿಸಲು ಹೇಳಿ. ಸಂಪರ್ಕದ ಬಗೆಗೆ ಅನುಗುಣವಾಗಿ ಗುದನಾಳದ ಮಾದರಿಯೂ ಬೇಕಾಗಬಹುದು, ಮೂತ್ರವೊಂದರಿಂದಲೇ ಅಲ್ಲಿನ ಸೋಂಕು ಗೊತ್ತಾಗದು. ಈ ಮಾದರಿಗಳಿಗೆಲ್ಲ ಈಗ ಶಿಫಾರಸು ಮಾಡುವುದು ಬ್ಯಾಕ್ಟೀರಿಯಾದ ಆನುವಂಶಿಕ ವಸ್ತುವನ್ನು ಹುಡುಕುವ ನ್ಯಾಟ್ ಪರೀಕ್ಷೆ. ಹೆಸರಿನ ಚೀಟಿಯನ್ನು ರೋಗಿಯ ಎದುರಿಗೇ ಅಂಟಿಸಿ.

ಚಿಕಿತ್ಸೆ

ಗರ್ಭಿಣಿಯಲ್ಲದ ವಯಸ್ಕರಿಗೆ ಮೊದಲ ಆಯ್ಕೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 7 ದಿನ. ಅದು ಆಗದವರಿಗೆ ಅಜಿತ್ರೋಮೈಸಿನ್ 1 ಗ್ರಾಂ ಒಂದೇ ಬಾರಿಗೆ. ಗುದನಾಳದ ಸೋಂಕಿನಲ್ಲಿ ಡಾಕ್ಸಿಸೈಕ್ಲಿನ್ ಸ್ಪಷ್ಟವಾಗಿ ಮೇಲು. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ 1 ಗ್ರಾಂ ಕೊಡಲಾಗುತ್ತದೆ. ಆದ್ದರಿಂದ ಔಷಧ ಬರೆಯುವ ಮೊದಲು ಗರ್ಭದ ಬಗ್ಗೆ ಕೇಳದೆ ಮುಂದಕ್ಕೆ ಹೋಗಕೂಡದು. ಕಿಬ್ಬೊಟ್ಟೆ ನೋವು, ಜ್ವರ, ವೃಷಣದ ಊತ, ಗುದದ್ವಾರದಲ್ಲಿ ನೋವು ಅಥವಾ ರಕ್ತಸ್ರಾವ ಇದ್ದರೆ ಈ ಸರಳ ಚಿಕಿತ್ಸೆ ಸಾಲದೇ ಇರಬಹುದು. ಅಂಥವರನ್ನು ಅದೇ ದಿನ ವೈದ್ಯರು ನೋಡಬೇಕು. ಗೊನೊರಿಯಾ, ಸಿಫಿಲಿಸ್, ಎಚ್‌ಐವಿ ಪರೀಕ್ಷೆಗಳನ್ನೂ ಜೊತೆಯಲ್ಲೇ ಮಾಡಿಸಲು ಸೂಚಿಸಬೇಕು.

ಔಷಧ ಕೊಡುವವರು ಹೇಳಲೇಬೇಕಾದ ಮಾತುಗಳಿವು: ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳಕ್ಕೆ ಅಂಟಿಕೊಂಡು ಉರಿ ಹುಟ್ಟಿಸುತ್ತದೆ, ಆಮ್ಲನಿವಾರಕ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಇದರ ಜೊತೆಗೇ ತೆಗೆದುಕೊಳ್ಳಬೇಡಿ, ಬಿಸಿಲಿಗೆ ಚರ್ಮ ಬೇಗ ಕೆಂಪಾಗಬಹುದು. ಸಾಧ್ಯವಾದರೆ ಮೊದಲ ಮಾತ್ರೆಯನ್ನು ಕ್ಲಿನಿಕ್‌ನಲ್ಲೇ ನುಂಗಿಸಿ.

ಫಲಿತಾಂಶ ತಿಳಿಸುವ ಹೊತ್ತು

ಆಪ್ತಸಮಾಲೋಚನೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಒಂದೇ: “ಹಾಗಾದರೆ ನನ್ನ ಗಂಡ ನನಗೆ ಮೋಸ ಮಾಡಿದರೇ, ಸಿಸ್ಟರ್?” ಇದಕ್ಕೆ ಉತ್ತರ ಗೊತ್ತಿಲ್ಲದ ದಾದಿ ಒಂದೋ ಮಾತು ತೇಲಿಸುತ್ತಾರೆ, ಇಲ್ಲವೇ ಅರಿವಿಲ್ಲದೆ ಒಂದು ಸಂಸಾರಕ್ಕೆ ಬೆಂಕಿಯಿಡುತ್ತಾರೆ. ಅಭ್ಯಾಸದಲ್ಲಿ ಹೇಳಿಸಬೇಕಾದ ಉತ್ತರ ಹೀಗಿದೆ: “ಈ ಸೋಂಕು ಲೈಂಗಿಕ ಸಂಪರ್ಕದಿಂದ ಬಂದದ್ದು. ಆದರೆ ಯಾವಾಗ, ಯಾರಿಂದ ಬಂತೆಂದು ಈ ಪರೀಕ್ಷೆ ಹೇಳುವುದಿಲ್ಲ. ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಇರಬಲ್ಲದು. ಈಗ ನಮ್ಮ ಕೈಯಲ್ಲಿರುವುದು ನಿಮ್ಮಿಬ್ಬರಿಗೂ ಚಿಕಿತ್ಸೆ ಆಗುವಂತೆ ನೋಡಿಕೊಳ್ಳುವುದು.” ಇದರಲ್ಲಿ ಸುಳ್ಳಿಲ್ಲ, ತೀರ್ಪೂ ಇಲ್ಲ. ಉತ್ತರ ಹೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಸಿ. ಮೌನ ತುಂಬಲು ಆಡುವ ಮಾತೇ ಹೆಚ್ಚಾಗಿ ಎಡವಟ್ಟಾಗುತ್ತದೆ.

ಚಿಕಿತ್ಸೆ ಮುಗಿಯುವವರೆಗೆ, ಒಂದೇ ಬಾರಿಯ ಔಷಧವಾದರೆ ಅದಾದ 7 ದಿನಗಳವರೆಗೆ, ಮತ್ತು ಸಂಗಾತಿಯ ಚಿಕಿತ್ಸೆಯೂ ಪೂರ್ಣಗೊಳ್ಳುವವರೆಗೆ ಸಂಪರ್ಕ ಬೇಡವೆಂದು ಸ್ಪಷ್ಟವಾಗಿ ತಿಳಿಸಬೇಕು. ಲಕ್ಷಣ ಶುರುವಾದ ಅಥವಾ ಪತ್ತೆಯಾದ ದಿನದಿಂದ ಹಿಂದಿನ 60 ದಿನಗಳ ಸಂಗಾತಿಗಳಿಗೆ ವಿಷಯ ಮುಟ್ಟಬೇಕು. ಆ ಅವಧಿಯಲ್ಲಿ ಯಾರೂ ಇಲ್ಲದಿದ್ದರೆ ಕೊನೆಯ ಸಂಗಾತಿಗೆ. ರೋಗಿಯೇ ಹೇಳುವುದೋ, ರೋಗಿಯ ಹೆಸರು ಹೇಳದೆ ಕ್ಲಿನಿಕ್ ತಿಳಿಸುವುದೋ ಎಂಬುದನ್ನು ಅವರೇ ಆರಿಸಲಿ. ಸಂಗಾತಿಯನ್ನು ನೋಡದೆಯೇ ರೋಗಿಯ ಕೈಯಲ್ಲಿ ಔಷಧ ಕಳುಹಿಸಲು ಕೆಲವೆಡೆ ಕಾನೂನು ಒಪ್ಪುತ್ತದೆ, ಕೆಲವೆಡೆ ಇಲ್ಲ. ನಿಮ್ಮಲ್ಲಿ ಏನಿದೆ ಎಂಬುದನ್ನು ಸಿಬ್ಬಂದಿಗೆ ಮೊದಲೇ ತಿಳಿಸಿ. ಆದರೆ ಇದೆಲ್ಲಕ್ಕೂ ಮುನ್ನ ಕೇಳಬೇಕಾದದ್ದು “ಮನೆಯಲ್ಲಿ ಹೇಳಿದರೆ ನಿಮಗೆ ಹೊಡೆತ, ಬೆದರಿಕೆ ಏನಾದರೂ ಆಗಬಹುದೇ?” ಎಂಬುದು. ಹೌದೆಂದರೆ ಯೋಜನೆಯೇ ಬದಲಾಗುತ್ತದೆ.

ಮರುಪರೀಕ್ಷೆಯ ಲೆಕ್ಕದಲ್ಲಿ ಗೊಂದಲ ಸಾಮಾನ್ಯ. ಚಿಕಿತ್ಸೆಯಾದ 4 ವಾರದೊಳಗೆ ಪರೀಕ್ಷಿಸಿದರೆ ಸತ್ತ ಬ್ಯಾಕ್ಟೀರಿಯಾದ ಅವಶೇಷದಿಂದಲೇ ಫಲಿತಾಂಶ ಪಾಸಿಟಿವ್ ಬರಬಹುದು. ಗುಣವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಪರೀಕ್ಷೆ ಗರ್ಭಿಣಿಯರಿಗೆ ಸುಮಾರು 4 ವಾರಗಳ ನಂತರ ಬೇಕು. ಉಳಿದವರಿಗೆ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಮತ್ತೆ ಸೋಂಕು ತಗುಲಿದೆಯೇ ಎಂದು ನೋಡಲು ಎಲ್ಲರೂ ಸುಮಾರು 3 ತಿಂಗಳಿಗೆ ಮರಳಿ ಬರಬೇಕು. ಎರಡಕ್ಕೂ ಉದ್ದೇಶ ಬೇರೆ ಬೇರೆ ಎಂಬುದನ್ನು ಸಿಬ್ಬಂದಿ ತಮ್ಮ ಮಾತಿನಲ್ಲೇ ವಿವರಿಸಿ ತೋರಿಸಲಿ.

ತರಬೇತಿ ಫಲ ಕೊಟ್ಟಿದೆಯೇ ಎಂಬುದನ್ನು ಅದೇ ದಿನದ ಪ್ರಶ್ನಪತ್ರಿಕೆ ತಿಳಿಸುವುದಿಲ್ಲ. ಮೂರು ತಿಂಗಳ ಬಳಿಕ ನೋಂದಣಿ ಪುಸ್ತಕ ತೆರೆದು, ಅರ್ಹರಾದವರಲ್ಲಿ ಎಷ್ಟು ಮಂದಿಗೆ ಪರೀಕ್ಷೆಯ ಮಾತು ಹೇಳಲಾಯಿತು, ಫಲಿತಾಂಶ ಬಂದ ಎಷ್ಟು ದಿನಕ್ಕೆ ಔಷಧ ಸಿಕ್ಕಿತು, ಎಷ್ಟು ಸಂಗಾತಿಗಳಿಗೆ ಚಿಕಿತ್ಸೆಯಾಯಿತು ಎಂದು ಎಣಿಸಿ. ಮರುಪರೀಕ್ಷೆಯ ದಿನಾಂಕಕ್ಕೆ ಪುಸ್ತಕದಲ್ಲಿ ಪ್ರತ್ಯೇಕ ಕಾಲಂ ಇರಲಿ. ಔಷಧ ಕೊಟ್ಟ ದಿನವೇ, ರೋಗಿ ಎದುರಿಗಿರುವಾಗಲೇ, ಅದನ್ನು ತುಂಬಿಸಿ, ಯಾವ ಸಂಖ್ಯೆಗೆ ಕರೆ ಮಾಡಿದರೆ ಬೇರೆಯವರು ಎತ್ತುವುದಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು.