ಫ್ರೆಂಚ್ ಪಾಠಕ್ಕೆ ಕನ್ನಡದ ದಾರಿ

ಮಂಗಳೂರಿನ ನಮ್ಮ ಮನೆಯಲ್ಲೇ ಫ್ರೆಂಚ್ ಟ್ಯೂಷನ್ ಕೊಡುತ್ತೇನೆ. ಬರುವವರ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕನ್ನಡ. ಕೈಯಲ್ಲಿರುವ ವ್ಯಾಕರಣ ಪುಸ್ತಕ ಮಾತ್ರ ಇಂಗ್ಲಿಷಿನದು. ಮಕ್ಕಳ ಗೊಂದಲಗಳಲ್ಲಿ ಬಹುಪಾಲು ಈ ನಡುವೆ ಕೂತ ಇಂಗ್ಲಿಷಿನಿಂದಲೇ ಹುಟ್ಟುವುದು. ಹಾಗಾಗಿ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಅಲ್ಲಿಂದ ನೇರವಾಗಿ ಫ್ರೆಂಚಿಗೆ ದಾಟಿಸುತ್ತೇನೆ.

‘ಐದು ವರ್ಷದಿಂದ ಮಂಗಳೂರಲ್ಲಿದ್ದೇನೆ’ ಎಂದು ನಾವು ವರ್ತಮಾನದಲ್ಲೇ ಹೇಳುತ್ತೇವೆ. ಫ್ರೆಂಚರೂ ಅಷ್ಟೇ, ‘ಇಂದ’ ಎನ್ನುವ ‘ದೆಪ್ವಿ’ ಬಂದರೆ ಕ್ರಿಯಾಪದ ವರ್ತಮಾನದಲ್ಲಿರುತ್ತದೆ. ‘ತ್ಯು ಮ ಮಾಂಕ್’ ಇಂಗ್ಲಿಷಿನ ಕಣ್ಣಿಗೆ ತಲೆಕೆಳಗು. ‘ನೀನು ನನಗೆ ನೆನಪಾಗ್ತಿದ್ದಿ’ ಎನ್ನುವವರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು.

ಎಲ್ಲರೂ ಹೆಚ್ಚು ಒದ್ದಾಡುವುದು ಭೂತಕಾಲದಲ್ಲಿ, ‘ಎತ್ರ್’ (ಇರು), ‘ಆವ್ವಾರ್’ (ಹೊಂದಿರು) ಎಂಬ ಎರಡು ಸಹಾಯಕ ಕ್ರಿಯಾಪದಗಳಲ್ಲಿ ಯಾವುದು ಎಲ್ಲಿ ಎಂದು. ಪುಸ್ತಕ ಎತ್ರ್ ಬೇಡುವ ಕ್ರಿಯಾಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತದೆ. ಅದರಲ್ಲಿ ಕೆಲವು ಎರಡೂ ಕಡೆ ಓಡಾಡುವುದರಿಂದ ಬಾಯಿಪಾಠವೂ ಕೈಕೊಡುತ್ತದೆ. ನಾನು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಮಾತು ತೆಗೆಯುತ್ತೇನೆ. ಬಸ್ಸಿನಿಂದ ನಾನು ಇಳಿದೆ: ‘ಜ಼ ಸ್ವಿ ದೆಸಾಂದ್ಯು’. ಚೀಲ ಇಳಿಸಿದೆ: ‘ಜ಼ೆ ದೆಸಾಂದ್ಯು ಲ ಸಾಕ್’. ಇಳಿದೆ ಎಂದರೆ ಎತ್ರ್, ಇಳಿಸಿದೆ ಎಂದರೆ ಆವ್ವಾರ್. ‘ಮೋಂತೆ’ಯಲ್ಲಿ ಹತ್ತಿದೆ–ಹತ್ತಿಸಿದೆ, ‘ರತೂರ್ನೆ’ಯಲ್ಲಿ ಊರಿಗೆ ತಿರುಗಿ ಹೋದೆ–ದೋಸೆ ತಿರುಗಿಸಿ ಹಾಕಿದೆ. ಫ್ರೆಂಚರು ಸಹಾಯಕ ಕ್ರಿಯಾಪದ ಬದಲಿಸಿ ಹೇಳುವುದನ್ನು ನಾವು ‘ಇಸು’ ಸೇರಿಸಿ ಹೇಳುತ್ತೇವೆ. ಎತ್ರ್ ಜೊತೆ ಕೃದಂತವು (‘ದೆಸಾಂದ್ಯು’ವಿನಂಥ ರೂಪ) ಕರ್ತೃವಿನ ಲಿಂಗಕ್ಕೆ ಹೊಂದಬೇಕೆನ್ನುವುದೂ ಇಳಿದನು–ಇಳಿದಳು ಎನ್ನುವವರಿಗೆ ಸಹಜ. ಇದು ತಲೆಗೆ ಹೋದ ಮೇಲೆ ಮಕ್ಕಳು ಪಟ್ಟಿಯ ಕಡೆ ನೋಡುವುದೇ ಕಡಿಮೆ. ನನಗೆ ಕಲಿಸುವುದರಲ್ಲಿ ಇದಕ್ಕಿಂತ ಖುಷಿಯ ಪಾಠ ಇನ್ನೊಂದಿಲ್ಲ.

ಶಬ್ದಗಳಲ್ಲೂ ಇಂಗ್ಲಿಷಿನ ಹೋಲಿಕೆ ನಂಬಬಾರದು. ‘ಲಿಬ್ರೆರಿ’ ಪುಸ್ತಕದಂಗಡಿ, ಲೈಬ್ರರಿಗೆ ‘ಬಿಬ್ಲಿಯೊತೆಕ್’. ಪರೀಕ್ಷೆಯ ಮಾತಿನಲ್ಲಿ ‘ಪಾಸೆ’ ಎಂದರೆ ಕೂರುವುದಷ್ಟೇ, ಪಾಸಾಗುವುದಲ್ಲ.

ಫ್ರೆಂಚಿನಲ್ಲಿ ವಸ್ತುಗಳಿಗೂ ಲಿಂಗವಿದೆ. ಆ ವಿಷಯದಲ್ಲಿ ಮಾತ್ರ ಕನ್ನಡ, ತುಳು ಎರಡೂ ಕೈಚೆಲ್ಲುತ್ತವೆ. ನಮಗೆ ಮೇಜು, ಮನೆ, ಪುಸ್ತಕ ಎಲ್ಲವೂ ‘ಅದು’. ಕೊಂಕಣಿ ಮನೆಯ ಮಕ್ಕಳು ಇಲ್ಲಿ ಮುಂದೆ. ‘ತೊ ರೂಕ್, ತಿ ವಾಟ್’ ಎಂದು ಮರಕ್ಕೂ ದಾರಿಗೂ ಲಿಂಗ ಹಚ್ಚಿ ಬೆಳೆದವರು, ಫ್ರೆಂಚಿನ ಮೂಗಿನ ಸ್ವರಗಳೂ ಅವರಿಗೆ ಸಲೀಸು. ಉಳಿದವರಿಗೆ ಅಂತ್ಯ ನೋಡಿಸುತ್ತೇನೆ: ‘ಸಿಯೋಂ’ ಎಂದು ಮುಗಿದರೆ ಹೆಚ್ಚಾಗಿ ಸ್ತ್ರೀಲಿಂಗ, ‘ಮಾಂ’ ಎಂದು ಮುಗಿದರೆ ಹೆಚ್ಚಾಗಿ ಪುಲ್ಲಿಂಗ. ‘ಆಜ಼್’ ಎಂದು ಮುಗಿಯುವವೂ ಬಹುತೇಕ ಪುಲ್ಲಿಂಗವೇ, ಆದರೆ ನಮ್ಮ ಪಣಂಬೂರಿಗೆ ಬೇಕಾದ ‘ಪ್ಲಾಜ಼್’ (ಬೀಚ್) ಸ್ತ್ರೀಲಿಂಗ.

ಕನ್ನಡವೇ ದಾರಿ ತಪ್ಪಿಸುವ ಜಾಗವೂ ಒಂದಿದೆ. ‘ಊಟ ಆಗ್ಲಿಲ್ವಾ?’ ಎಂದರೆ ‘ಹೌದು ಮಾರಾಯ್ರೆ, ಆಗ್ಲಿಲ್ಲ’ ಎನ್ನುತ್ತೇವೆ. ಫ್ರೆಂಚಿನಲ್ಲಿ ಅಲ್ಲಿ ‘ನೋಂ’ ಬರಬೇಕು. ಊಟ ಆಗಿದ್ದರೆ ಮಾಮೂಲಿ ಹೌದು ಆದ ‘ವಿ’ ಸಲ್ಲದು, ‘ಸಿ’ ಎನ್ನಬೇಕು. ಅದಕ್ಕೇ ಪಾಠ ಶುರುಮಾಡುವ ಮುಂಚೆ ಹೋಂವರ್ಕ್ ಮಾಡಲಿಲ್ವಾ, ಮಳೆ ಬರ್ತಿಲ್ವಾ ಎಂದು ಫ್ರೆಂಚಿನಲ್ಲಿ ಬರೀ ‘ಇಲ್ವಾ’ ಪ್ರಶ್ನೆಗಳನ್ನೇ ಕೇಳುತ್ತೇನೆ, ‘ಸಿ’ ತಡವರಿಸದೆ ಬರುವವರೆಗೂ.