ಹಳೇ ನೆಟ್‌ವರ್ಕ್ ಲೇಸರ್‌ಗೆ ಟರ್ಮಿನಲ್‌ನಿಂದಲೇ 180 ಕನ್ನಡ ನೋಟಿಸ್: ನನ್ನ ಅನುಭವ

ಸಹಕಾರ ಸಂಘದ ವಾರ್ಷಿಕ ಸಭೆಗೆ ಸುಮಾರು 180 ಸದಸ್ಯರಿಗೆ ಅವರವರ ಹೆಸರಿನ ನೋಟಿಸ್ ಹೋಗಬೇಕು. "ಲಿನಕ್ಸ್‌ನಲ್ಲಿ ಈ ಹಳೇ ಲೇಸರ್ ಪ್ರಿಂಟರ್ ಓಡಲ್ಲ, ಹೊಸದು ತಗೊಳ್ಳಿ" ಅಂದವರ ಕೊಟೇಶನ್ 18,000 ರೂಪಾಯಿ ಆಸುಪಾಸು. ಈಗ ಅದೇ ಲೇಸರ್ ಒಂದೇ ಕಮಾಂಡಿಗೆ ಅಷ್ಟನ್ನೂ ಹೊಡೆದು ಕೊಡುತ್ತಿದೆ. ಖರ್ಚಾದದ್ದು ಒಂದು ಲ್ಯಾನ್ ಕೇಬಲ್, ಜೊತೆಗೆ ಹಾಳಾದ ಕಾಗದ.

ಕಾಗದ ಹಾಳಾದದ್ದು 9100 ಪೋರ್ಟಿನಲ್ಲಿ, ಅಂದರೆ ಬಂದದ್ದನ್ನು ಹಾಗೇ ಪ್ರಿಂಟರಿಗೆ ಕೊಡುವ ನೆಟ್‌ವರ್ಕ್ ಬಾಗಿಲಿನಲ್ಲಿ. ನೆಟ್‌ವರ್ಕಿಗೆ ಡೇಟಾ ಕಳಿಸುವ ನೆಟ್‌ಕ್ಯಾಟ್ ಕಮಾಂಡಿನಿಂದ ಪಿಡಿಎಫ್ ನೇರ ತಳ್ಳಿದರೆ, ಪಿಡಿಎಫ್ ಓದಲು ಬಾರದ ಪ್ರಿಂಟರ್ ಅದನ್ನು ಸಾದಾ ಅಕ್ಷರ ಅಂದುಕೊಳ್ಳುತ್ತೆ. ಮೊದಲ ಹಾಳೆಯ ತಲೆಯಲ್ಲಿ ಪರ್ಸೆಂಟ್ ಗುರುತು, ಪಿಡಿಎಫ್, 1.4, ಆಮೇಲೆ ಹಾಳೆಗೆ ಒಂದೆರಡು ಸಾಲು ಕಸ. ಕಂಟ್ರೋಲ್-ಸಿ ಒತ್ತಿದರೂ ಮೆಮೊರಿಗೆ ಹೋದದ್ದು ಬರುತ್ತಲೇ ಇರುತ್ತೆ. ಟ್ರೇ ಎಳೆದು ಪವರ್ ತೆಗೆಯುವಷ್ಟರಲ್ಲಿ 60 ಹಾಳೆ ಹೋಗಿತ್ತು.

ಅದೇ ಪೋರ್ಟಿಗೆ ಇಂಗ್ಲಿಷ್ ಟೆಕ್ಸ್ಟ್ ಕಳಿಸಿದರೆ ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರುತ್ತವೆ. ಲಿನಕ್ಸ್ ಫೈಲಿನಲ್ಲಿ ಸಾಲಿನ ಕೊನೆಗೆ ಲೈನ್ ಫೀಡ್ (ಕೆಳಗಿನ ಸಾಲಿಗೆ ಇಳಿ) ಮಾತ್ರ ಇರುತ್ತೆ, ಕ್ಯಾರೇಜ್ ರಿಟರ್ನ್ (ಸಾಲಿನ ಆರಂಭಕ್ಕೆ ಹೋಗು) ಇರಲ್ಲ. ಪಿಸಿಎಲ್ ಎಂಬ ಪ್ರಿಂಟರ್ ಭಾಷೆ ತಿಳಿದ ಪ್ರಿಂಟರ್ ಆದರೆ ಫೈಲಿನ ತಲೆಗೆ ಎಸ್ಕೇಪ್, ಆಂಪರ್ಸಂಡ್, ಸಣ್ಣ ಕೆ, 2, ದೊಡ್ಡ ಜಿ ಸೇರಿಸಿದರೆ ಸರಿಹೋಗುತ್ತೆ. ಕೊನೆಗೊಂದು ಫಾರ್ಮ್ ಫೀಡ್ (ಹಾಳೆ ಹೊರಗೆ ತಳ್ಳುವ ಸಂಕೇತ) ಹಾಕದಿದ್ದರೆ ಕೊನೆಯ ಹಾಳೆ ಹೊರಗೆ ಬರದೇ ಕೂರಬಹುದು. ಆದರೆ ಪ್ರಿಂಟರ್ ಒಳಗೆ ಕನ್ನಡ ಫಾಂಟೇ ಇಲ್ಲ, ಹಾಗಾಗಿ ನಮ್ಮ ಕೆಲಸಕ್ಕೆ ಈ ದಾರಿ ಬರಲ್ಲ.

ಕೆಲಸ ಆದದ್ದು ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್‌ನಿಂದ. ಮೊದಲು ರೌಟರ್‌ನಲ್ಲಿ ಪ್ರಿಂಟರಿಗೆ ಐಪಿ ಕಾಯ್ದಿರಿಸಿ. ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾದರೆ ಕ್ಯೂ (ಪ್ರಿಂಟ್ ಕೆಲಸಗಳ ಸಾಲು) ಸತ್ತಂತೆ. ಪ್ರಿಂಟರ್ ಸೇರಿಸುವ ಎಲ್‌ಪಿಅಡ್ಮಿನ್ ಕಮಾಂಡಿನಲ್ಲಿ ಮೈನಸ್ ಪಿ ಜೊತೆ ಕ್ಯೂ ಹೆಸರು, ನಂತರ ಕ್ಯೂ ಚಾಲೂ ಮಾಡಲು ಮೈನಸ್ ದೊಡ್ಡ ಇ, ಮೈನಸ್ ವಿ ಜೊತೆ ವಿಳಾಸ, ಮೈನಸ್ ಎಂ ಜೊತೆ ಮಾಡೆಲ್. ಆ ಇ ಪಿಗಿಂತ ಮೊದಲು ಬಂದರೆ ಅರ್ಥವೇ ಬೇರೆ: ಎನ್‌ಕ್ರಿಪ್ಷನ್ ಬೇಕು ಅಂತ. ಕ್ಯೂ ಆಗುತ್ತೆ, ಆದರೆ ಚಾಲೂ ಆಗಲ್ಲ. ಇದೊಂದಕ್ಕೇ ಒಂದು ಸಂಜೆ ಹೋಯಿತು. ಹೊಸ ಪ್ರಿಂಟರಿಗೆ ಐಪಿಪಿ (ನೆಟ್‌ವರ್ಕ್ ಪ್ರಿಂಟಿಂಗ್ ಪ್ರೋಟೋಕಾಲ್) ವಿಳಾಸ ಕೊಟ್ಟು ಮಾಡೆಲ್ ಜಾಗದಲ್ಲಿ ಎವರಿವೇರ್ ಅಂದರೆ ಸಾಕು, ಆದರೆ ಆ ಹೊತ್ತಿಗೆ ಪ್ರಿಂಟರ್ ಆನ್ ಇರಬೇಕು. ನಮ್ಮದು ಹಳೇದು, ವಿಳಾಸಕ್ಕೆ ಸಾಕೆಟ್ 9100, ಮಾಡೆಲಿಗೆ ಜೆನೆರಿಕ್ ಪಿಸಿಎಲ್ ಲೇಸರ್ ಹಿಡಿಸಿತು. ಪ್ರಿಂಟ್ ಆಯ್ಕೆಗಳ ಎಲ್‌ಪಿಆಪ್ಷನ್ಸ್ ಕಮಾಂಡಿನಲ್ಲಿ ಮೀಡಿಯಾ ಎ4 ಮಾಡಿ. ಇಲ್ಲವಾದರೆ ಲೆಟರ್ ಕಾಗದ ಕೇಳುತ್ತಾ ದೀಪ ಮಿಣುಕಿಸಿ ನಿಂತುಬಿಡುತ್ತೆ.

ಕನ್ನಡದ್ದೇ ದೊಡ್ಡ ತಲೆನೋವು. ಟೆಕ್ಸ್ಟ್ ಫೈಲನ್ನು ನೇರ ಎಲ್‌ಪಿ ಎಂಬ ಪ್ರಿಂಟ್ ಕಮಾಂಡಿಗೆ ಕೊಟ್ಟಾಗ ಬಂದದ್ದು ಬರೀ ಚೌಕ. ಲಿಬ್ರೆಆಫೀಸ್ ಹೆಡ್‌ಲೆಸ್‌ನಲ್ಲಿ (ಕಿಟಕಿ ತೆರೆಯದೆ, ಕಮಾಂಡಿನಿಂದಲೇ) ಪಿಡಿಎಫ್ ಮಾಡಿ ಕೊಟ್ಟ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಜಾಗಕ್ಕೆ ಬಂದವು. ಪ್ರಿಂಟಿಗೆ ಮುಂಚೆ ಪಿಡಿಎಫ್‌ಫಾಂಟ್ಸ್ ಓಡಿಸಿ, ಎಂಬೆಡ್ ಕಾಲಂನಲ್ಲಿ ಯೆಸ್ (ಫಾಂಟ್ ಪಿಡಿಎಫ್ ಒಳಗೇ ಸೇರಿದೆ ಅಂತ) ಇದೆಯಾ ನೋಡಿ. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನ ಫೈಲನ್ನು ಮೊದಲು ಯೂನಿಕೋಡ್ ಮಾಡಿಕೊಳ್ಳಲೇಬೇಕು.

180 ಜಾಬ್ ಬಿಡಿಬಿಡಿಯಾಗಿ ಕಳಿಸಿದಾಗ ಪ್ರತಿ ಜಾಬಿಗೂ ಪ್ರಿಂಟರ್ ಉಸಿರು ತಗೊಂಡು ಮುಕ್ಕಾಲು ಗಂಟೆ ಹಿಡಿಯಿತು. ಪಿಡಿಎಫ್‌ಯುನೈಟ್‌ನಿಂದ ಒಂದಾಗಿಸಿದ ಮೇಲೆ 15 ನಿಮಿಷದೊಳಗೆ, ಟ್ರೇ ತುಂಬಿಸಿದ್ದೂ ಸೇರಿ. ಫೈಲ್ ಹೆಸರು 001, 002 ಅಂತಲೇ ಇರಲಿ. 1, 10, 100 ಅಂತ ಜೋಡಿಕೊಂಡರೆ ವಿಳಾಸದ ಪಟ್ಟಿಗೆ ತಾಳೆಯಾಗಲ್ಲ. ಸೈಡ್ಸ್ ಆಪ್ಷನ್ ಒನ್-ಸೈಡೆಡ್ ಮಾಡಿ. ಡ್ಯೂಪ್ಲೆಕ್ಸ್ (ಎರಡೂ ಬದಿ ಮುದ್ರಣ) ಡಿಫಾಲ್ಟ್ ಇದ್ದರೆ ಒಬ್ಬರ ನೋಟಿಸ್ ಬೆನ್ನಿಗೆ ಇನ್ನೊಬ್ಬರದು ಬರುತ್ತೆ, 90 ಹಾಳೆ ದಂಡ.

ಕೇಬಲ್ ಕಿತ್ತು ಹಾಕಿದ ಮೇಲೂ ಕ್ಯೂ ನಿಂತೇ ಇದ್ದರೆ ಕಪ್ಸ್‌ಎನೇಬಲ್ ಓಡಿಸಿ. ಅದು ಪದೇ ಪದೇ ಬೇಡ ಅಂದರೆ ಪ್ರಿಂಟರ್-ಎರರ್-ಪಾಲಿಸಿಯನ್ನು ರಿಟ್ರೈ-ಕರೆಂಟ್-ಜಾಬ್ ಮಾಡಿ. ಹೆಸರಿನ ಪಟ್ಟಿಯಿಂದ ಫೈಲ್ ತಯಾರಿಸುವ ಸ್ಕ್ರಿಪ್ಟ್ ನನ್ನದೇ, ಅದನ್ನು ಮಾತ್ರ ಸದ್ಯಕ್ಕೆ ಕೊಡಲ್ಲ.